ಗಾಳಿಯ ಲೆಕ್ಕ ಬಾವಿಯಲ್ಲಿ

(ಉಪನ್ಯಾಸದ ಲಿಖಿತ ರೂಪ)



ವಾಯುಮಾಲಿನ್ಯವೆಂಬುದು ದಿಲ್ಲಿ, ಬೆಂಗಳೂರುಗಳ ಸಮಸ್ಯೆ ಎಂಬ ಭಾವನೆ ಉತ್ತರ ಕನ್ನಡದಲ್ಲಿ ಬಲವಾಗಿದೆ. ಇಲ್ಲಿ ಬೆಟ್ಟವಿದೆ, ಕಡಲಿದೆ. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಎಲ್ಲ ಕೊಳೆಯನ್ನೂ ತೊಳೆದುಬಿಡುತ್ತದೆ ಎಂಬುದು ಜನರ ಸಮಾಧಾನ. ಆದರೆ ತೊಳೆದ ಕೊಳೆ ಹೋಗುವುದಾದರೂ ಎಲ್ಲಿಗೆ? ಅದೇ ಮಳೆಯೇ ಕಾರವಾರ, ಅಂಕೋಲೆಗಳ ಬಾವಿಗೂ ಹಳ್ಳಕ್ಕೂ ತೋಟದ ಅಬ್ಬಿಗೂ ಇಳಿಯುತ್ತದೆ. ಸರ್ಕಾರದ ಪುಸ್ತಕದಲ್ಲಿ ಜಲಮಾಲಿನ್ಯಕ್ಕೆ 1974ರ ಕಾಯ್ದೆ, ವಾಯುಮಾಲಿನ್ಯಕ್ಕೆ 1981ರ ಕಾಯ್ದೆ ಎಂದು ಎರಡಿವೆ. ನಿಸರ್ಗ ಬರೆದಿಡುವ ಪುಸ್ತಕ ಮಾತ್ರ ಒಂದೇ.

ಮಳೆಹನಿಯ ರಸಾಯನ

ಒಣಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಒಂದು ಪಾಲಿಗೆ ತುಸು ಕಡಿಮೆ ಆರ್ಗಾನ್. ಇಂಗಾಲದ ಡೈಆಕ್ಸೈಡ್ ಇರುವುದು ತೀರ ಅಲ್ಪ: ಕೈಗಾರಿಕಾ ಯುಗಕ್ಕೆ ಮುನ್ನ ಹತ್ತು ಲಕ್ಷ ಪಾಲಿಗೆ ಸುಮಾರು 280 ಪಾಲಿದ್ದದ್ದು ಇಂದು 420ನ್ನು ದಾಟಿದೆ. ಆದರೆ ಮಳೆಹನಿಯ ಗುಣವನ್ನು ನಿರ್ಧರಿಸುವುದು ಇಂಥ ಅಲ್ಪಾಂಶಗಳೇ. ಈ ಅನಿಲ ಹನಿಯಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುವುದರಿಂದ ನಿರ್ಮಲವಾದ ಮಳೆಯೂ ಸ್ವಲ್ಪ ಹುಳಿಯೇ. ಅದರ ಪಿಎಚ್ ಸುಮಾರು 5.6. ಪಿಎಚ್ 7 ಎಂದರೆ ತಟಸ್ಥ. ಅಲ್ಲಿಂದ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿತೆಂದು ಅರ್ಥ. ಕಲ್ಲಿದ್ದಲು, ಡೀಸೆಲ್, ಹಡಗಿನ ಇಂಧನ ಉರಿದಾಗ ಹೊರಬೀಳುವ ಗಂಧಕದ ಡೈಆಕ್ಸೈಡ್ ಹಾಗೂ ಸಾರಜನಕದ ಆಕ್ಸೈಡ್‌ಗಳು ಗಾಳಿಯಲ್ಲಿ ಇನ್ನಷ್ಟು ಆಮ್ಲಜನಕವನ್ನು ಕೂಡಿಸಿಕೊಂಡು ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳಾಗುತ್ತವೆ. ಆಗ ಮಳೆಯ ಪಿಎಚ್ 5ಕ್ಕಿಂತಲೂ ಕೆಳಗಿಳಿಯಬಲ್ಲದು.

ಸುಣ್ಣಕಲ್ಲಿನ ಸೀಮೆಯಲ್ಲಿ ಈ ಹುಳಿಯನ್ನು ನೆಲವೇ ಮುರಿಯುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಆ ಶಕ್ತಿ ಕಡಿಮೆ. ಲಕ್ಷಾಂತರ ವರ್ಷಗಳ ಮಳೆ ಅದರ ಸುಣ್ಣವನ್ನೆಲ್ಲ ಬಸಿದು, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡನ್ನಷ್ಟೇ ಉಳಿಸಿದೆ. ಆದ್ದರಿಂದಲೇ ಈ ಸೀಮೆಯ ಎಷ್ಟೋ ಬಾವಿಗಳ ನೀರು ಮೃದುವಾಗಿಯೂ ಹುಳಿಯಾಗಿಯೂ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು 6.5ರಿಂದ 8.5ರ ಪಿಎಚ್ ಇರಬೇಕೆನ್ನುತ್ತದೆ. ಅದಕ್ಕಿಂತ ಹುಳಿಯಾದ ನೀರು ಬಾಯಿಗೆ ರುಚಿಯಾಗಿಯೇ ಇದ್ದರೂ ಕಬ್ಬಿಣ, ತಾಮ್ರದ ಕೊಳವೆಗಳನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಮೊದಲೇ ಹುಳಿಯ ನೆಲಕ್ಕೆ ಗಾಳಿಯಿಂದ ಇನ್ನಷ್ಟು ಹುಳಿ ಇಳಿದರೆ ತಡೆಯುವ ಸುಣ್ಣ ಅಲ್ಲಿಲ್ಲ.

ಗಾಳಿ ಹೊತ್ತು ತರುವುದೆಲ್ಲ ಮನುಷ್ಯನ ಕೊಳೆಯಲ್ಲ. ಅಲೆ ಒಡೆದಾಗ ಏಳುವ ತುಂತುರಿನಿಂದ ಉಪ್ಪಿನ ಸೂಕ್ಷ್ಮ ಕಣಗಳು ಗಾಳಿಗೇರುತ್ತವೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯ ಮಳೆನೀರಿನಲ್ಲಿ ಕ್ಲೋರೈಡ್ ಕಂಡರೆ ಅಚ್ಚರಿಯಿಲ್ಲ. ನಿಸರ್ಗದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡುವುದೇ ಈ ವಿಷಯದ ತಿರುಳು.

ಮೂರು ಊರು, ಮೂರು ಪಾಠ

ಬೇಲೇಕೇರಿಯನ್ನು ನೆನೆಯಬಹುದು. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಲಾರಿಗಳಲ್ಲಿ ಯಲ್ಲಾಪುರ, ಅರಬೈಲ್ ಘಟ್ಟಗಳನ್ನಿಳಿದು ಈ ಬಂದರಿಗೆ ಬರುತ್ತಿತ್ತು. 2010ರಲ್ಲಿ ಅಲ್ಲಿ ಜಪ್ತಿಯಾದ ಲಕ್ಷಾಂತರ ಟನ್ ಅದಿರು ಕಾಣೆಯಾದ ಸಂಗತಿ ನಾಡಿಗೆಲ್ಲ ತಿಳಿದಿದೆ. 2011ರ ಲೋಕಾಯುಕ್ತ ವರದಿ ಅದನ್ನು ದಾಖಲಿಸಿದೆ. ಹಡಗೇರಿದ ಅದಿರಿನ ಲೆಕ್ಕವನ್ನು ನ್ಯಾಯಾಲಯಗಳು ಕೇಳಿದವು. ದಾರಿಯುದ್ದಕ್ಕೂ ಎಲೆಯ ಮೇಲೆ, ಮಾಡಿನ ಮೇಲೆ, ಶ್ವಾಸಕೋಶದಲ್ಲಿ ಕುಳಿತ ಧೂಳಿನ ಲೆಕ್ಕವನ್ನು ಕೇಳುವವರು ವಿರಳ. ಎಲೆಯ ಮೇಲೆ ಕುಳಿತ ಧೂಳು ಬೆಳಕನ್ನು ತಡೆದು, ಪತ್ರರಂಧ್ರಗಳನ್ನು ಮುಚ್ಚಿ ಇಳುವರಿಯನ್ನು ಕುಗ್ಗಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅದಿರಿನ ಹೆಮಟೈಟ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಸೇದಿದಾಗ ತಿಳಿಯಾಗಿದ್ದ ನೀರು ಕೊಡದಲ್ಲಿ ಕೆಲವು ಗಂಟೆ ನಿಂತ ಬಳಿಕ ಕೆಂಪಾದರೆ, ಅದು ಆಮ್ಲಜನಕವಿಲ್ಲದ ಆಳದಲ್ಲಿ ನೆಲದಿಂದಲೇ ಕರಗಿಬಂದ ಕಬ್ಬಿಣ. ಸೇದುವಾಗಲೇ ಕೆಂಪಾಗಿದ್ದು, ಬಟ್ಟೆಯಲ್ಲಿ ಸೋಸಿದರೆ ಮಡ್ಡಿ ನಿಲ್ಲುವುದಾದರೆ ಅದು ಕಣ. ಮಣ್ಣಿನದೂ ಇರಬಹುದು, ಧೂಳಿನದೂ ಇರಬಹುದು. ಎಲ್ಲ ಕೆಂಪನ್ನೂ ಅದಿರಿನ ತಲೆಗೆ ಕಟ್ಟಿದರೆ ಹೋರಾಟದ ಮಾತು ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಎರಡನೆಯದು ಬಿಣಗಾ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತಯಾರಿಸುವ ಕಾರ್ಖಾನೆ ಅಲ್ಲಿದೆ. ಹಿಂದೆ ದೇಶದ ಈ ಉದ್ಯಮದಲ್ಲಿ ಪಾದರಸದ ಕೋಶಗಳು ಬಳಕೆಯಲ್ಲಿದ್ದವು. ಬಳಿಕ ಉದ್ಯಮ ಪಾದರಸವಿಲ್ಲದ ಪೊರೆಯ ವಿಧಾನಕ್ಕೆ ಹೊರಳಿತು. ಪಾದರಸ ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುವ ಲೋಹ. ಆ ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ, ರೂಪಾಂತರಗೊಂಡು ಮಳೆಯೊಡನೆ ಇಳಿಯುತ್ತದೆ. ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಮಾಡಿದ ಮೇಲೆ ಮೀನಿನ ಮೈಸೇರುತ್ತದೆ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸಮೀಪದ ಕಡಲಜೀವಿಗಳಲ್ಲಿ ಲೋಹಗಳು ಶೇಖರವಾಗುವ ಬಗೆಯನ್ನು ಮೀನುಗಾರಿಕಾ ವಿಜ್ಞಾನಿಗಳು 1990ರಲ್ಲೇ ಪ್ರಕಟಿಸಿದ್ದರು. ಗಾಳಿ, ನೀರು, ಆಹಾರ ಎಂಬ ಮೂರು ಮಾತು ಒಂದೇ ಸರಪಳಿಯ ಕೊಂಡಿಗಳೆಂಬುದಕ್ಕೆ ಪಾದರಸಕ್ಕಿಂತ ಬೇರೆ ಸಾಕ್ಷಿ ಬೇಡ.

ಮೂರನೆಯದು ಕೈಗಾ. 2009ರ ನವೆಂಬರಿನಲ್ಲಿ ಅಣುವಿದ್ಯುತ್ ಸ್ಥಾವರದ ಒಳಗೆ ಕುಡಿಯುವ ನೀರಿನ ಶೀತಕವೊಂದರಲ್ಲಿ ಟ್ರಿಟಿಯಂಯುಕ್ತ ಭಾರಜಲ ಬೆರೆತದ್ದು ಬಯಲಾಯಿತು. ಐವತ್ತಕ್ಕೂ ಹೆಚ್ಚು ಸಿಬ್ಬಂದಿ ಬಾಧಿತರಾದರು. ಯಾರೋ ಬೇಕೆಂದೇ ಬೆರೆಸಿದ್ದಾರೆಂದು ಆಡಳಿತ ಹೇಳಿತು. ಟ್ರಿಟಿಯಂ ಜಲಜನಕದ ಒಂದು ರೂಪ. ಅದು ನೀರಿನಲ್ಲಿ ಕರಗಿರುವುದಲ್ಲ, ನೀರೇ ಆಗಿರುತ್ತದೆ. ಕಾಯಿಸಿದರೆ ಹೋಗದು, ಸೋಸಿದರೆ ನಿಲ್ಲದು, ಬಣ್ಣ, ರುಚಿ, ವಾಸನೆಗಳಿಂದ ತಿಳಿಯದು. ಅದು ಪತ್ತೆಯಾದದ್ದು ಸಿಬ್ಬಂದಿಯ ಮೂತ್ರವನ್ನು ತಪ್ಪದೆ ಪರೀಕ್ಷಿಸುವ ವಾಡಿಕೆ ಅಲ್ಲಿ ಇದ್ದುದರಿಂದ. ನಿತ್ಯದ ಅಳತೆಯೊಂದೇ ಅಲ್ಲಿ ಕಣ್ಣಾಯಿತು.

ಅಳೆಯದ ಋತು

ಹಣಕೋಣದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ, 2010ರ ಸುಮಾರಿಗೆ, ಗ್ರಾಮಸ್ಥರು ಎದ್ದುನಿಂತರು, ಸ್ಥಾವರ ಬರಲಿಲ್ಲ. ಈಗ ಅಂಕೋಲೆಯ ಕೇಣಿಯಲ್ಲಿ ದೊಡ್ಡ ಬಂದರಿನ ಪ್ರಸ್ತಾಪವಿದೆ. 2025ರಲ್ಲಿ ಮೀನುಗಾರರು ಬೀದಿಗಿಳಿದು ಅದನ್ನು ವಿರೋಧಿಸಿದರು. ಬಂದರು ಬೇಕೋ ಬೇಡವೋ ಎಂಬ ತೀರ್ಮಾನ ಜನರದು. ಆದರೆ ತೀರ್ಮಾನಕ್ಕೆ ಆಧಾರವಾಗುವ ಅಳತೆ ಎಂಥದು ಎಂಬುದನ್ನು ಎಲ್ಲರೂ ಅರಿಯಬೇಕು. ಯೋಜನೆಗಳ ಪರಿಸರ ಪರಿಣಾಮದ ಅಧ್ಯಯನದಲ್ಲಿ, ಮಳೆಗಾಲವನ್ನು ಬಿಟ್ಟು ಉಳಿದ ಒಂದು ಋತುವಿನ ಅಂಕಿಅಂಶ ಸಾಕೆನ್ನುವ ರೂಢಿ ವ್ಯಾಪಕವಾಗಿದೆ. ಬಯಲುಸೀಮೆಗೆ ಅದು ಹೊಂದಿಕೆಯಾಗಬಹುದು. ಗಾಳಿಯಲ್ಲಿದ್ದದ್ದು ಕುಡಿಯುವ ನೀರಿಗೆ ಇಳಿಯುವುದು ಮಳೆಗಾಲದಲ್ಲಿಯೇ ಆಗಿರುವ ಈ ಜಿಲ್ಲೆಯಲ್ಲಿ, ಆ ಋತುವನ್ನೇ ಬಿಟ್ಟು ಅಳೆದ ಲೆಕ್ಕ ಅರ್ಧ ಲೆಕ್ಕ.

ಘಟ್ಟದ ಮೇಲಿನವರಿಗೆ ಇದು ದೂರದ ಮಾತೆಂದು ತೋರಬಹುದು. ಬೇಸಿಗೆಯ ಹಗಲಿನಲ್ಲಿ ಕಡಲಗಾಳಿ ಭೂಮಿಯ ಕಡೆಗೆ ಬೀಸಿ ಕಣಿವೆಗಳನ್ನು ಹಿಡಿದು ಮೇಲೇರುತ್ತದೆ. ರಾತ್ರಿ ನೆಲದ ತಂಪುಗಾಳಿ ಕಡಲಿಗಿಳಿಯುತ್ತದೆ. ಚಳಿಗಾಲದ ಮುಂಜಾವಿನಲ್ಲಿ ತಣ್ಣನೆಯ ಗಾಳಿ ಕಣಿವೆಯಲ್ಲಿ ಕೂತು, ಮೇಲಿನ ಬಿಸಿಗಾಳಿ ಮುಚ್ಚಳವಾದಾಗ, ಒಲೆಯ ಹೊಗೆಯೂ ಲಾರಿಯ ಹೊಗೆಯೂ ಅಲ್ಲೇ ತಂಗುತ್ತವೆ. ಊರಿನವರೇ ಸುಡುವ ಪ್ಲಾಸ್ಟಿಕ್ಕಿನ ವಿಷವೂ ಇದೇ ಲೆಕ್ಕಕ್ಕೆ ಸೇರಬೇಕು.

ಶಾಲೆಗೊಂದು ಪುಸ್ತಕ

ಪ್ರತಿ ಶಾಲೆಯೂ ಒಂದು ಮಳೆ–ಬಾವಿ ಪುಸ್ತಕವನ್ನು ಇಡಬಹುದು. ಚೊಕ್ಕಟವಾಗಿ ತೊಳೆದ ಅಗಲಬಾಯಿಯ ಪಾತ್ರೆಯನ್ನು ಮರ, ಮಾಡುಗಳಿಂದ ದೂರ, ನೆಲದಿಂದ ಎತ್ತರದಲ್ಲಿಟ್ಟು, ಮಳೆ ಆರಂಭವಾದಾಗ ಮಾತ್ರ ಮುಚ್ಚಳ ತೆಗೆಯಬೇಕು. ಜೂನಿನ ಮೊದಲ ಮಳೆ, ಜುಲೈ ನಡುವಿನ ಮಳೆ, ಸೆಪ್ಟೆಂಬರಿನ ಕೊನೆಯ ಮಳೆ ಇವು ಮೂರನ್ನು ಅಳೆದರೆ ಗಾಳಿ ಹೇಗೆ ತೊಳೆದುಹೋಗುತ್ತದೆಂಬುದು ಮಕ್ಕಳಿಗೇ ಕಾಣುತ್ತದೆ. ಗೊತ್ತುಮಾಡಿದ ನಾಲ್ಕಾರು ಬಾವಿಗಳ ನೀರನ್ನು ಮೇ ತಿಂಗಳಲ್ಲಿ, ಮೊದಲ ಮಳೆಯ ಬಳಿಕ ಹಾಗೂ ಅಕ್ಟೋಬರಿನಲ್ಲಿ ಪರೀಕ್ಷಿಸಬೇಕು. ಪಿಎಚ್ ಕಾಗದ ಸ್ಥೂಲ ಅಂದಾಜನ್ನಷ್ಟೇ ಕೊಡುತ್ತದೆ. ಕಾಲೇಜಿನ ಪ್ರಯೋಗಾಲಯದ ಮಾಪಕ ಮೇಲು. ಜಲಜೀವನ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ನೀಡುವ ಪರೀಕ್ಷಾ ಪೆಟ್ಟಿಗೆಯಿಂದ ಕ್ಲೋರೈಡ್, ನೈಟ್ರೇಟ್, ಕಬ್ಬಿಣಗಳನ್ನು ನೋಡಬಹುದು. ಪಾದರಸ, ಟ್ರಿಟಿಯಂಗಳು ಇಂಥ ಪೆಟ್ಟಿಗೆಗೆ ನಿಲುಕುವಂಥವಲ್ಲ. ಅವುಗಳ ಫಲಿತಾಂಶವನ್ನು ಅಳೆಯುವ ಸಂಸ್ಥೆಗಳಿಂದ ಬರಹದಲ್ಲಿ ಕೇಳಬೇಕು, ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ.

ತಾರೀಖು, ಸ್ಥಳ, ಅಳೆದವರ ಹೆಸರು, ಗಾಳಿ ಬೀಸಿದ ದಿಕ್ಕು ಇವಿಷ್ಟನ್ನು ಬರೆಯಲು ಹಣ ಬೇಡ. ಫಲಿತಾಂಶ ಒಳ್ಳೆಯದೇ ಬಂದರೂ ಬರೆಯಬೇಕು, ಏಕೆಂದರೆ ಇಂದಿನ ಒಳ್ಳೆಯ ಅಂಕಿಯೇ ನಾಳೆಯ ಸಾಕ್ಷಿ. "ಮೊದಲು ನೀರು ಚೆನ್ನಾಗಿತ್ತು" ಎಂಬ ಮಾತು ಅಹವಾಲು ಸಭೆಯಲ್ಲಿ ನೆನಪಾಗಿ ಉಳಿಯುತ್ತದೆ. ಐದು ಮಳೆಗಾಲ ಬರೆದಿಟ್ಟ ಪುಸ್ತಕ ದಾಖಲೆಯಾಗುತ್ತದೆ. ಬರಲಿರುವ ಜೂನಿನ ಮೊದಲ ಮಳೆಗೆ ಪ್ರತಿ ಊರಿನಲ್ಲೂ ಒಂದು ಪಾತ್ರೆ ಸಿದ್ಧವಾಗಿರಲಿ.