ಪಿಗ್ಮಿ ಪುಸ್ತಕವೂ ನಮ್ಮ ಚಟವೂ



ಅರಸೀಕೆರೆಯಲ್ಲಿ ಕೊಬ್ಬರಿ ಮಾರಿದ ದಿನ, ಹಳೇಬೀಡಿನ ಕಡೆಯವರಿಗೆ ಆಲೂಗಡ್ಡೆ ದುಡ್ಡು ಬಂದ ದಿನ, ಅರ್ಧ ಹಣ ಮನೆ ಸೇರುತ್ತಿರಲಿಲ್ಲ. ಎಲ್ಲಿಗೆ ಹೋಗ್ತಿತ್ತು ಅಂತ ನಮಗೂ ಗೊತ್ತು, ನಿಮಗೂ ಗೊತ್ತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ನಾವು ಬಾಟಲಿ ಬದಲಾಯಿಸಿದೆವು, ಅಷ್ಟೆ. ಬೇಲೂರು ಚೆನ್ನಕೇಶವನ ಮುಂದೆ ಆಣೆಯನ್ನೂ ಇಟ್ಟೆವು. ಎಂಟು ದಿನ ಬಾಳಿತು.

ಕೊನೆಗೆ ಹಿಡಿದದ್ದು ಪಿಗ್ಮಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಕಟ್ಟಿಸಿಕೊಂಡು ಶುರುಮಾಡಿದ ಪದ್ಧತಿ ಇದು. ಜನ್ಮದಲ್ಲಿ ಕುಡಿಯೋಲ್ಲ ಅನ್ನೋದು ಬೆಟ್ಟ ಹೊತ್ತ ಹಾಗೆ. ಇವತ್ತು ಸಂಜೆ ಐವತ್ತು ರೂಪಾಯಿ ಪುಸ್ತಕಕ್ಕೆ ಅನ್ನೋದು ಕೈಗೆಟುಕುವ ಮಾತು.

ಹೊಸತೊಡಕಿನ ದಿನ ತಪ್ಪಿದೆವು. ಮಾರನೇ ಸಂಜೆ ನಾಚಿಕೆಯಾಗಿ ಹಿತ್ತಲಲ್ಲಿ ಕೂತಿದ್ದೆವು. ಪಿಗ್ಮಿ ಹುಡುಗ ಅಲ್ಲಿಗೇ ಬಂದ. “ನಿನ್ನೇದು ಬಿಡಿ ಗೌಡ್ರೆ, ಇವತ್ತಿಂದು ಕೊಡಿ” ಅಂದ. ಆಣೆ ಮಾಡದ ಕೆಲಸವನ್ನ ಆ ಮಾತು ಮಾಡ್ತು.

ಈಗ ಮೂರು ವರ್ಷವಾಯಿತು. ಪುಸ್ತಕ ಮಾತ್ರ ಮನೆಯವರ ಕೈಲೇ ಇದೆ. ಕೊಬ್ಬರಿ ಮಾರಿದ ದಿನ ನಮ್ಮನ್ನ ನಾವೇ ಇನ್ನೂ ಪೂರ್ತಿ ನಂಬೋದಿಲ್ಲ.