ಗದ್ವಾಲ ಮತ್ತು ನಾರಾಯಣಪೇಟೆ ಸೀರೆಗಳು: ಮಾರುಕಟ್ಟೆಯಲ್ಲಿ ಅವುಗಳ ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಗದ್ವಾಲ ಹಾಗೂ ಕೃಷ್ಣೆಯ ಉತ್ತರಕ್ಕಿರುವ ನಾರಾಯಣಪೇಟೆ, ಇವೆರಡೂ ತಮ್ಮ ಹೆಸರಿನ ಸೀರೆಗಳಿಂದಲೇ ದೂರದ ಜನರಿಗೆ ಪರಿಚಿತವಾದ ಪಟ್ಟಣಗಳು. ಮಹಬೂಬ್‌ನಗರದಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮಕ್ತಲ್ ಮತ್ತು ಅಲ್ಲಿಂದ ಗಡಿಯವರೆಗೆ ಹಬ್ಬಿರುವ ಕನ್ನಡ ಮನೆಮಾತಿನ ಹಳ್ಳಿಗಳೂ ಇದೇ ಸೀಮೆಗೆ ಸೇರಿವೆ. ಒಂದು ಸರಕಿನ ಮಾರುಕಟ್ಟೆಯ ನೆಲೆಯನ್ನು ಅಳೆಯುವುದೆಂದರೆ, ಅದನ್ನು ಕೊಳ್ಳುವವರು ಯಾರು, ಅದರ ಬದಲಿಗೆ ಅವರು ಇನ್ನೇನನ್ನು ಕೊಳ್ಳಬಲ್ಲರು, ಬೇರೆಯವರು ಅದನ್ನು ಎಷ್ಟು ಸುಲಭವಾಗಿ ನಕಲು ಮಾಡಬಲ್ಲರು ಎಂಬುದನ್ನು ಕಂಡುಕೊಳ್ಳುವುದು. ಈ ದೃಷ್ಟಿಯಿಂದ ನೋಡಿದಾಗ, ಅಕ್ಕಪಕ್ಕದ ಈ ಎರಡು ಊರುಗಳ ಸೀರೆಗಳು ಹಿಡಿದ ದಾರಿಗಳು ತೀರ ಬೇರೆಯಾಗಿ ಕಾಣುತ್ತವೆ.

ಗದ್ವಾಲದ ನೇಕಾರಿಕೆ ಬೆಳೆದದ್ದು ಸಂಸ್ಥಾನದ ಆಶ್ರಯದಲ್ಲಿ. ಹೈದರಾಬಾದ್ ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಈ ಸಂಸ್ಥಾನವು ವಿದ್ವಾಂಸರಿಗೂ ಕುಶಲಕರ್ಮಿಗಳಿಗೂ ಆಸರೆ ನೀಡಿತ್ತು. ತಿರುಮಲೆಯ ಬ್ರಹ್ಮೋತ್ಸವಕ್ಕೆ ಗದ್ವಾಲದಿಂದ ಏರುವಾಡ ಜೋಡು ಪಂಚೆಗಳನ್ನು ನೇಯ್ದು ಒಪ್ಪಿಸುವ ಪದ್ಧತಿ ಇಂದಿಗೂ ನಡೆದಿದೆ. ಅರಮನೆಗೂ ದೇವಸ್ಥಾನಕ್ಕೂ ನೇಯುವವನಿಗೆ ಅಗ್ಗದ ಮಾತು ಬರುವುದಿಲ್ಲವಾದ್ದರಿಂದ, ಅಲ್ಲಿ ಕಸುಬು ಸೂಕ್ಷ್ಮವಾಗುತ್ತ ಹೋಯಿತು. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಒಡಲಿಗೆ ಒಂದು ಲಾಳಿ, ಎರಡು ಬದಿಯ ಅಂಚುಗಳಿಗೆ ಒಂದೊಂದು ಲಾಳಿ, ಹೀಗೆ ಮೂರು ಲಾಳಿಗಳು ಓಡುತ್ತವೆ. ಒಡಲಿನ ಹೊಕ್ಕು, ಅಂದರೆ ಅಡ್ಡ ಎಳೆ, ಅಂಚನ್ನು ಮುಟ್ಟಿದಲ್ಲಿ ಅಂಚಿನ ಹೊಕ್ಕಿಗೆ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ಪ್ರತಿ ಸಾಲಿನಲ್ಲೂ ಇದೇ ಕೆಲಸ ಕೈಯಿಂದ ನಡೆಯಬೇಕು. ಸೆರಗಿನ ರೇಷ್ಮೆ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಒಡಲಿನ ಹತ್ತಿಯ ಹಾಸಿಗೆ ಎಳೆಎಳೆಯಾಗಿ ಕೂಡಿಸಲಾಗುತ್ತದೆ. ಇಳಕಲ್ ಸೀರೆಯ ಸೆರಗು ಕೂಡುವ ಬಗೆಯನ್ನು ಬಲ್ಲವರಿಗೆ ಈ ಶ್ರಮದ ಅಂದಾಜು ಸಿಕ್ಕೀತು. ಈ ಶ್ರಮವೇ ಗದ್ವಾಲಕ್ಕೆ ಕೋಟೆಯಾಯಿತು; ವಿದ್ಯುತ್ ಮಗ್ಗವು ಅದರ ಬಣ್ಣವನ್ನೂ ಜರಿಯನ್ನೂ ಅನುಕರಿಸಬಹುದಾದರೂ ಆ ಜೋಡಣೆಯನ್ನು ಅಷ್ಟು ಸುಲಭವಾಗಿ ಅನುಕರಿಸಲಾರದು.

ನಾರಾಯಣಪೇಟೆಯ ಕಥೆ ಅರಮನೆಯದಲ್ಲ, ಸಂತೆಯದು. 1630ರ ಸುಮಾರಿಗೆ ಶಿವಾಜಿಯ ಪರಿವಾರದೊಡನೆ ಬಂದ ಕೆಲವು ನೇಕಾರರು ಇಲ್ಲೇ ನೆಲೆನಿಂತರೆಂಬ ಪ್ರತೀತಿ ಇದೆ. ಶಿವಾಜಿ ಹುಟ್ಟಿದ್ದೇ ಆ ಹೊತ್ತಿಗಾದ್ದರಿಂದ ಆ ಇಸವಿಯನ್ನು ಒಪ್ಪಲಾಗದು. ಆದರೆ ಮರಾಠಿ ಸೀಮೆಯೊಂದಿಗಿನ ನಂಟನ್ನು ಸೀರೆಯೇ ಹೇಳುತ್ತದೆ. ಚೌಕಳಿಯ ಒಡಲು, ಗಾಢ ಬಣ್ಣದ ಅಂಚು, ಅಂಚಿನ ಮೇಲೆ ಗೋಪುರದ ಮೊನೆಗಳ ಸಾಲು, ಇವು ಮಹಾರಾಷ್ಟ್ರದ ಹೆಂಗಸರು ‘ನಾರಾಯಣಪೇಠಿ’ ಎಂದು ಕೇಳಿ ಕೊಳ್ಳುವ ಸೀರೆಯ ಲಕ್ಷಣಗಳು. ಇಲ್ಲಿ ಎಂಟು ಸೀರೆಗಳಿಗಾಗುವಷ್ಟು ಹಾಸನ್ನು ಒಮ್ಮೆಗೇ ಮಗ್ಗಕ್ಕೇರಿಸುವ ರೂಢಿಯಿದೆ. ಅದರಿಂದ ಸಮಯ ಉಳಿಯುತ್ತದೆ, ಬೆಲೆಯೂ ಗದ್ವಾಲದ್ದಕ್ಕಿಂತ ಕಡಿಮೆಯಾಗಿ ಮಧ್ಯಮ ವರ್ಗದ ಮನೆಗಳಿಗೆ ಎಟುಕುತ್ತದೆ.

1956ರ ನವೆಂಬರ್ 1ರಂದು ಈ ಸೀಮೆಯ ಗಡಿಗಳು ಬದಲಾದವು. ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯು, ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳನ್ನು ಹೊರತುಪಡಿಸಿ, ಮೈಸೂರು ರಾಜ್ಯವನ್ನು ಸೇರಿತು. ಆ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮುಂದೆ ಕೈಮಗ್ಗದ ಸರಕಾರಿ ಖರೀದಿ, ರಿಯಾಯಿತಿ ಮತ್ತು ಮಾರಾಟ ಮಳಿಗೆಗಳೆಲ್ಲ ಆಯಾ ರಾಜ್ಯಗಳ ಸಂಸ್ಥೆಗಳ ಮೂಲಕವೇ ನಡೆದವಾದ್ದರಿಂದ, ಗದ್ವಾಲದ ನೇಕಾರ ಮಾರಾಟಕ್ಕಾಗಿ ಹೈದರಾಬಾದಿನ ಕಡೆ ಮುಖ ಮಾಡಬೇಕಾಯಿತು. ನಾರಾಯಣಪೇಟೆಯ ವ್ಯಾಪಾರ ಮೊದಲಿನಿಂದಲೂ ಖಾಸಗಿ ವರ್ತಕರ ಕೈಯಲ್ಲಿದ್ದುದರಿಂದ, ಪುಣೆಯ ಕಡೆಯ ನಂಟು ರಾಜ್ಯದ ಗಡಿಗಳಿಂದ ಕಡಿದುಹೋಗಲಿಲ್ಲ.

ನಿಜವಾದ ಪೆಟ್ಟು ವಿದ್ಯುತ್ ಮಗ್ಗದಿಂದ ಬಂದಿತು, ಮತ್ತು ಅದು ನಾರಾಯಣಪೇಟೆಗೇ ಹೆಚ್ಚು ತಾಗಿತು. ಚೌಕಳಿ ಮತ್ತು ಸರಳ ಅಂಚು ಯಂತ್ರಕ್ಕೆ ಕಷ್ಟವಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯ್ದೆ 1985ರಲ್ಲೇ ಬಂದರೂ ನಕಲು ನಿಲ್ಲಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೇಲ್ ಪೋರ್ಟರ್ 1980ರ ತಮ್ಮ ಗ್ರಂಥದಲ್ಲಿ, ಒಂದು ಉದ್ಯಮವು ಎಲ್ಲರಿಗಿಂತ ಕಡಿಮೆ ಖರ್ಚಿನಲ್ಲಿ ತಯಾರಿಸಬೇಕು, ಇಲ್ಲವೇ ಬೇರಾರೂ ಕೊಡದ ಗುಣವನ್ನು ಕೊಡಬೇಕು, ಅಥವಾ ಒಂದು ಸಣ್ಣ ಗ್ರಾಹಕ ವರ್ಗವನ್ನೇ ನೆಚ್ಚಿಕೊಳ್ಳಬೇಕು, ಯಾವುದನ್ನೂ ಆಯದೆ ನಡುವೆ ನಿಂತದ್ದು ಸೊರಗುತ್ತದೆ ಎಂದು ವಾದಿಸಿದರು. ಗದ್ವಾಲ ಎರಡನೆಯ ದಾರಿಯಲ್ಲಿದೆ. ನಾರಾಯಣಪೇಟೆ ಬಹುಕಾಲ ಮೊದಲನೆಯ ದಾರಿಯಲ್ಲಿ ನಡೆದಿತ್ತು. ಆದರೆ ಯಂತ್ರ ಬಂದ ಮೇಲೆ ಖರ್ಚಿನ ಪೈಪೋಟಿಯಲ್ಲಿ ಕೈಮಗ್ಗ ಗೆಲ್ಲಲಾರದು, ಗೆಲ್ಲಲು ಹೊರಟರೆ ನೇಕಾರನ ಕೂಲಿಯನ್ನೇ ಕಡಿಯಬೇಕಾಗುತ್ತದೆ. ಅದು ಅನ್ಯಾಯ.

ಎರಡೂ ಸೀರೆಗಳಿಗೆ ಈಗ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಒಂದು ಸರಕಿನ ಗುಣ ಅದು ಹುಟ್ಟಿದ ಸೀಮೆಗೆ ಅಂಟಿಕೊಂಡಿದ್ದರೆ, ಆ ಸೀಮೆಯ ತಯಾರಕರ ಹೊರತು ಬೇರಾರೂ ಆ ಹೆಸರನ್ನು ಬಳಸದಂತೆ ತಡೆಯುವ ಈ ಕಾನೂನು 1999ರಲ್ಲಿ ರೂಪುಗೊಂಡು 2003ರಲ್ಲಿ ಜಾರಿಗೆ ಬಂದಿತು. ಆದರೆ ಅದು ಕಾಯುವುದು ಹೆಸರನ್ನು. ಚೌಕಳಿಯನ್ನು ಯಾರು ಬೇಕಾದರೂ ನೇಯಬಹುದು. ಆದ್ದರಿಂದ ನಾರಾಯಣಪೇಟೆಯ ನೇಕಾರರ ಸಹಕಾರ ಸಂಘಗಳು ಬೆಲೆ ಇಳಿಸುವುದನ್ನು ಬಿಟ್ಟು, ತಮ್ಮ ಹೆಸರನ್ನೂ ಕೈಮಗ್ಗದ ಗುರುತನ್ನೂ ಪ್ರತಿ ಸೀರೆಯ ಮೇಲೆ ಕಾಣುವಂತೆ ಮಾಡುವುದೇ ಸರಿಯಾದ ದಾರಿ. ಅಂಗಡಿಯಲ್ಲಿ ಈ ಹೆಸರಿನ ಸೀರೆಯನ್ನು ಕೈಗೆತ್ತಿಕೊಳ್ಳುವ ಗ್ರಾಹಕರು ಅದರ ಅಂಚನ್ನು ಮಗುಚಿ, ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಬಿಗಿಹಿಡಿಯುವ ಕೋಲಿನ ಸೂಜಿಗಳು ಬಿಟ್ಟ ಸಣ್ಣ ತೂತುಗಳಿವೆಯೇ ಎಂದು ನೋಡಿ, ಕೈಮಗ್ಗದ ಮುದ್ರೆಯನ್ನು ಕೇಳಿ ಕೊಳ್ಳಬೇಕು.