ಮರಳಿನ ಲೆಕ್ಕ ಎಲ್ಲಿದೆ?



ಭಾಷಣ ಚಿಕ್ಕದಾಗಿರಲಿ ಎಂದು ಸಂಘಟಕರು ಪತ್ರದಲ್ಲೂ ಬರೆದಿದ್ದರು, ಬೆಳಿಗ್ಗೆ ಬಾಗಿಲಲ್ಲಿ ನಿಂತೂ ಹೇಳಿದರು. ನನ್ನನ್ನು ಚೆನ್ನಾಗಿ ಬಲ್ಲವರು.

ಗಾಲ್ಫ್ ಮೈದಾನಗಳ ವಿನ್ಯಾಸದ ಇತಿಹಾಸಕ್ಕೊಂದು ಅಂತರ್ಜಾಲ ಸಂಗ್ರಹ ಕಟ್ಟಲು ಇಲ್ಲಿ ಸೇರಿದ್ದೇವೆ. ನಕ್ಷೆಗಳ ಸ್ಕ್ಯಾನಿಂಗ್ ಬಗ್ಗೆ ಮುಂದಿನ ಸಾಲಿನ ಗೆಳೆಯರು ಮಧ್ಯಾಹ್ನ ಮಾತಾಡುತ್ತಾರೆ. ವೈಮಾನಿಕ ಚಿತ್ರಗಳ ವಿಷಯದಲ್ಲಿ ಅವರ ಪಕ್ಕದಲ್ಲಿ ಕೂತವರ ಮುಂದೆ ನಾನು ಬಾಯಿ ಬಿಡುವ ಹಾಗಿಲ್ಲ. ನನ್ನ ತಕರಾರು ಬೇರೆ. ನಮ್ಮ ಕ್ಷೇತ್ರ ವಿನ್ಯಾಸಕಾರನ ಹೆಸರಿಗೆ ಜೋತುಬಿದ್ದು ಕೆಟ್ಟಿತು. ಮೆಕೆಂಜಿ, ರಾಸ್, ಮ್ಯಾಕ್‌ಡೊನಾಲ್ಡ್ ಎಂದು ಕಪಾಟು ಜೋಡಿಸಿಟ್ಟೆವು. ಮೈದಾನ ಮಾತ್ರ ಅವರು ಹೋದ ಮೇಲೂ ಬದಲಾಗುತ್ತಲೇ ಇತ್ತು. ಮೆಕೆಂಜಿ 1934ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಆಗಸ್ಟಾ ಮೈದಾನದಲ್ಲಿ ಮೊದಲ ಒಂಬತ್ತು ಹೋಲ್‌ಗಳು ಹಿಂದೆ ಹೋಗಿ, ಕೊನೆಯ ಒಂಬತ್ತು ಮುಂದೆ ಬಂದವು.

ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ನಾರ್ತ್ ಕ್ಯಾರೊಲಿನಾದ ಪೈನ್‌ಹರ್ಸ್ಟ್ ನಂಬರ್ 2. ಡೊನಾಲ್ಡ್ ರಾಸ್ ಅದನ್ನು 1907ರಲ್ಲಿ ಹದಿನೆಂಟು ಹೋಲ್‌ಗೆ ತಂದರು, ಆಮೇಲೂ ದಶಕಗಳ ಕಾಲ ತಿದ್ದುತ್ತಿದ್ದರು. 1930ರ ದಶಕದ ಮಧ್ಯದವರೆಗೆ ಅಲ್ಲಿ ಕುಳಿಯ ಸುತ್ತ ಹುಲ್ಲಿನ ಗ್ರೀನ್ ಇರಲಿಲ್ಲ. ಇದ್ದದ್ದು ಮರಳು, ನಮ್ಮ ಹಳೆಯ ಕ್ಲಬ್ಬುಗಳ ಬ್ರೌನ್‌ಗಳ ಹಾಗೆ. ಈಗಿನ ಗ್ರೀನ್‌ಗಳೋ, ಬೋರಲು ಹಾಕಿದ ಬಾಣಲೆಗಳು! ಸರಿಯಾಗಿ ಬಿತ್ತೆಂದುಕೊಂಡ ಚೆಂಡೂ ಅಂಚಿಗೆ ಸರಿದು ಕೆಳಗಿಳಿಯುತ್ತದೆ. ಇದೇ ರಾಸ್ ಶೈಲಿ ಎಂದು ಎಷ್ಟೋ ಕಡೆ ನಕಲು ಮಾಡಿದ್ದಾರೆ. ಆದರೆ ಆ ಉಬ್ಬು ರಾಸ್ ಕೊಟ್ಟದ್ದೋ, ಹುಲ್ಲಿನ ಮೇಲೆ ವರ್ಷವರ್ಷವೂ ಎರಚಿದ ಮರಳು ಕೊಟ್ಟದ್ದೋ? ಜಗಳ ಇನ್ನೂ ಮುಗಿದಿಲ್ಲ.

2010–11ರಲ್ಲಿ ವಿನ್ಯಾಸಕಾರರಾದ ಬಿಲ್ ಕೂರ್, ಬೆನ್ ಕ್ರೆನ್‌ಶಾ ಆ ಮೈದಾನವನ್ನು ಹಳೆಯ ರೂಪಕ್ಕೆ ತಂದಾಗ 1943ರ ವೈಮಾನಿಕ ಚಿತ್ರಗಳು ನೆರವಾದವು. ಫೇರ್‌ವೇ ನಡುವೆ ಹೂತಿದ್ದ ಹಳೆಯ ನೀರಿನ ಪೈಪಿನಿಂದ ಫೇರ್‌ವೇಯ ಅಗಲ ಎಲ್ಲಿಯವರೆಗಿತ್ತೆಂದು ಗೊತ್ತಾಯಿತು. ಗ್ರೀನ್‌ಗಳ ಉಬ್ಬನ್ನು ಮಾತ್ರ ಬಹುಮಟ್ಟಿಗೆ ಇದ್ದ ಹಾಗೇ ಬಿಟ್ಟರು. ಆಕಾಶದಿಂದ ತೆಗೆದ ಚಿತ್ರದಲ್ಲಿ ಅಗಲ ಸಿಗುತ್ತದೆ, ಎತ್ತರ ಎಲ್ಲಿ ಸಿಗುತ್ತದೆ? ಜೋಡಿಚಿತ್ರ ಇದ್ದರೆ ಸಿಗುತ್ತದೆ ಎಂದು ಮುಂದಿನ ಸಾಲಿನಿಂದ ಕೈ ಎತ್ತುತ್ತಿದ್ದಾರೆ. ಒಪ್ಪಿದೆ ಸ್ವಾಮಿ, ಆದರೆ ಇಲ್ಲಿ ಬೇಕಾದದ್ದು ಅಂಗುಲದ ಲೆಕ್ಕ.

ಹಿಂದೊಮ್ಮೆ ಒಂದು ಕ್ಲಬ್ಬಿನ ಹಿರಿಯ ಮಾಲಿಯನ್ನು ಕೇಳಿದ್ದೆ. ಗ್ರೀನ್ ಮೇಲೆ ಮರಳು ಎರಚಿ, ಚಾಪೆ ಎಳೆದು, ಹುಲ್ಲಿನ ಬುಡಕ್ಕೆ ಇಳಿಸುತ್ತಿದ್ದರು. "ಎಷ್ಟು ಹಾಕ್ತೀರಪ್ಪ?" "ಕಣ್ಣಿಗೆ ಕಾಣದಷ್ಟು ಸಾರ್. ಲೋಡಿನ ಲೆಕ್ಕ ಆಫೀಸಲ್ಲಿರುತ್ತೆ." ಆಫೀಸಿಗೆ ಹೋದರೆ ಗೋಡೆಯ ಮೇಲೆ ಮೂಲ ನಕ್ಷೆಗೆ ಚಂದದ ಚೌಕಟ್ಟು ಹಾಕಿಸಿದ್ದಾರೆ, ಲೆಡ್ಜರ್‌ಗಳು ಸುಣ್ಣಬಣ್ಣ ಮಾಡಿಸುವಾಗ ರದ್ದಿಗೆ ಹೋಗಿವೆ.

ಸಂಗ್ರಹದ ನಮೂನೆಯ ಕರಡು ನಿಮ್ಮ ಕೈಯಲ್ಲಿರುವ ಫೈಲಿನಲ್ಲಿದೆ. ಮೊದಲ ಕಲಂ 'ವಿನ್ಯಾಸಕಾರ'. ಅದನ್ನು ಕೆಳಗಿಳಿಸಿ, ಮರಳಿನ ಬಿಲ್ಲು, ಹುಲ್ಲಿನ ತಳಿ ಬದಲಿಸಿದ ವರ್ಷ, ಪೈಪಿನ ನಕ್ಷೆ, ಮಾಲಿಗಳ ಹಾಜರಿ ಪುಸ್ತಕ ಇವುಗಳನ್ನು ಮೇಲಕ್ಕೆ ತನ್ನಿ ಎಂಬುದು ನನ್ನ ಕೋರಿಕೆ. ಒಪ್ಪದವರು ಕಾಫಿ ವಿರಾಮದಲ್ಲಿ ನನ್ನನ್ನು ಹಿಡಿಯಲಿ. ಒಪ್ಪುವವರು ದಯವಿಟ್ಟು ನೇರವಾಗಿ ಸಂಪಾದಕ ಸಮಿತಿಯ ಹತ್ತಿರ ಹೋಗಲಿ.